ಬಾಗಿಲಿಗೆ ಬಂದ ಬ್ಯಾಂಕು

ದುಡ್ಡಿದ್ದವರು, ಎದೆಗಾರಿಕೆ ಇದ್ದವರು ಉದ್ಯಮಿಗಳಾಗುತ್ತಾರೆ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ 1911ರಲ್ಲೇ ಇನ್ನಷ್ಟು ಒಳಹೊಕ್ಕು ನೋಡಿದ್ದರು: ತನ್ನದೇ ಸಾಮ್ರಾಜ್ಯ ಕಟ್ಟುವ ಆಸೆ, ಗೆದ್ದೇ ತೀರುವ ಹಟ, ಹೊಸದನ್ನು ಮಾಡುವ ಖುಷಿ. ಮೂರೂ ನಿಜ. ಆದರೆ 1925ರ ಉಡುಪಿಗೆ ಇವಿಷ್ಟೇ ಸಾಲವು ಅನ್ನಿಸುತ್ತದೆ ನನಗೆ.

ಆಗ ಕೈಮಗ್ಗ ನೆಲಕಚ್ಚಿತ್ತು. ನೇಕಾರರಿಗೆ ನೆರವಾಗಲೆಂದು ವ್ಯಾಪಾರಿ ಉಪೇಂದ್ರ ಪೈ, ಇಂಜಿನಿಯರ್ ವಾಮನ ಕುಡ್ವ, ವೈದ್ಯ ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಸಂಸ್ಥೆಯೊಂದನ್ನು ತೆರೆದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. ಡಾಕ್ಟರರಿಗೆ ಬ್ಯಾಂಕಿನ ಉಸಾಬರಿ ಯಾಕೆ ಬೇಕಿತ್ತು? ಕಷ್ಟದಲ್ಲಿದ್ದವರು ದೂರದವರಲ್ಲ, ತಮ್ಮ ಊರಿನವರೇ. ಜೊತೆಗೆ 1906ರಲ್ಲೇ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ, ಇದೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಇಂಥದೇ ಕೆಲಸಕ್ಕೆ ಕೈಹಾಕಿದ್ದರು. ಪಕ್ಕದವರು ಮಾಡಿ ತೋರಿಸಿದ್ದರೆ ಅರ್ಧ ಭಯ ಹೋದಂತೆ. ಉದ್ಯಮಶೀಲತೆಯನ್ನು ಒಬ್ಬ ವ್ಯಕ್ತಿಯ ಗುಣವೆಂದು ಹೊಗಳುವವರು ಈ ನೆರೆಹೊರೆಯ ಲೆಕ್ಕವನ್ನು ಮರೆಯುತ್ತಾರೆ.

ನನ್ನ ಮಟ್ಟಿಗೆ ದೊಡ್ಡ ಆವಿಷ್ಕಾರ ಬ್ಯಾಂಕಿನ ಸ್ಥಾಪನೆಯಲ್ಲ, ಅದರ ಒಳಗೇ 1928ರಲ್ಲಿ ಹುಟ್ಟಿದ ಪಿಗ್ಮಿ ಎಂಬ ದಿನದ ಉಳಿತಾಯ ಯೋಜನೆ. ದಿನಕ್ಕೆ ಎರಡಾಣೆ ಉಳಿಸಬಲ್ಲ ಮನುಷ್ಯನನ್ನು ಯೋಚಿಸಿ. ಒಂದು ರೂಪಾಯಿ ಕೂಡಲು ಅವನಿಗೆ ಎಂಟು ದಿನ ಬೇಕು. ಅದನ್ನು ಕಟ್ಟಲು ಕೆಲಸ ಬಿಟ್ಟು ಬ್ಯಾಂಕಿಗೆ ಹೋದರೆ ಆ ದಿನದ ಕೂಲಿಗೇ ಕತ್ತರಿ. ಅವನಿಗೆ ಉಳಿತಾಯದ ಬುದ್ಧಿ ಇರಲಿಲ್ಲವೆಂದಲ್ಲ, ಎರಡಾಣೆಗೆ ದಾರಿ ಇರಲಿಲ್ಲ. ಹಾಗಾಗಿ ಬ್ಯಾಂಕೇ ಅವನ ಬಾಗಿಲಿಗೆ ಬಂತು. ಈಗಲೂ ಪೇಟೆಯಲ್ಲಿ ಸಂಜೆ ವೇಳೆ ಚೀಲ ಹಿಡಿದು ಅಂಗಡಿ ಅಂಗಡಿ ಸುತ್ತುವವರನ್ನು ನೀವು ಕಂಡಿರುತ್ತೀರಿ. “ಪಿಗ್ಮಿಯವರು ಬಂದ್ರು” ಎಂದಾಗ ಗಲ್ಲಾಪೆಟ್ಟಿಗೆ ತಾನಾಗಿ ತೆರೆದುಕೊಳ್ಳುತ್ತದೆ.

ಯೋಜನೆಯ ಯಶಸ್ಸನ್ನೆಲ್ಲ ಸ್ಥಾಪಕರ ಖಾತೆಗೇ ಜಮಾ ಮಾಡುವ ರೂಢಿ ನಮ್ಮದು. ಆದರೆ ಗಿರಾಕಿಯನ್ನು ಹುಡುಕಿ, ನಂಬಿಕೆ ಗಳಿಸಿ, ಮಳೆಯಲ್ಲೂ ತಪ್ಪದೆ ಹೋಗಿ, ಕಮಿಷನ್ನಿನಲ್ಲೇ ಸಂಸಾರ ತೂಗಿಸಿದವರು ಈ ಸಂಗ್ರಾಹಕರು. ಕೂತಲ್ಲಿ ಸಂಬಳ ಬರುವ ಕೆಲಸವಲ್ಲ ಅದು. ಹಾಗಾದರೆ ಅವರನ್ನು ಉದ್ಯಮಿ ಎನ್ನಬೇಕೋ, ನೌಕರ ಎನ್ನಬೇಕೋ? ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2001ರಲ್ಲಿ ನ್ಯಾಯಾಲಯ ಅವರನ್ನು ಕಾರ್ಮಿಕರೆಂದು ಒಪ್ಪಿತು. ಖಾಯಂ ಸಿಬ್ಬಂದಿಯ ಸ್ಥಾನ ಮಾತ್ರ ಕೊಡಲಿಲ್ಲ.