ಲದ್ದಿಹುಳುವಿನ ನಿಜನಾಮ



ಕೀಟವೊಂದಕ್ಕೆ ಸರಿಯಾದ ಹೆಸರು ಹುಡುಕುವುದು ಪಂಡಿತರ ಕಾಲಹರಣವೆಂಬ ಭಾವನೆ ಅನೇಕರಲ್ಲಿದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಗೋವಿನಜೋಳದ ರೈತರು ಲದ್ದಿಹುಳುವೆಂದು ಕರೆಯುವ ಪತಂಗದ ವೃತ್ತಾಂತ ಈ ಭಾವನೆಯನ್ನು ಅಲ್ಲಗಳೆಯುತ್ತದೆ.

2018ರ ಮೇ ತಿಂಗಳಲ್ಲಿ ಶಿವಮೊಗ್ಗ ಭಾಗದ ಗೋವಿನಜೋಳದ ಸುಳಿಗಳಲ್ಲಿ ಅಪರಿಚಿತ ಹುಳುವೊಂದು ಕಂಡುಬಂತು. ನೋಟಕ್ಕೆ ಅದು ಈ ನಾಡಿನ ಹಳೆಯ ಸೈನಿಕ ಹುಳುವಾದ ಮಿಥಿಮ್ನಾ ಸೆಪರೇಟಾವನ್ನೇ ಹೋಲುತ್ತಿತ್ತು. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಶರಣಬಸಪ್ಪ, ಕಲ್ಲೇಶ್ವರಸ್ವಾಮಿ ಮೊದಲಾದ ವಿಜ್ಞಾನಿಗಳು ಅದರ ದೇಹಲಕ್ಷಣಗಳನ್ನೂ ವಂಶವಾಹಿಯನ್ನೂ ಪರೀಕ್ಷಿಸಿ, ಅದು ಸ್ಪೊಡಾಪ್ಟೆರಾ ಫ್ರುಜಿಪರ್ಡಾ ಎಂದು ಅದೇ ವರ್ಷ ವರದಿ ಮಾಡಿದರು. ಇದು ಭಾರತದ ಮೊದಲ ವರದಿ. 1797ರಲ್ಲಿ ಜೇಮ್ಸ್ ಎಡ್ವರ್ಡ್ ಸ್ಮಿತ್ ಹೆಸರಿಸಿದ್ದ ಈ ಪತಂಗ ಅಮೆರಿಕ ಖಂಡಗಳ ಉಷ್ಣವಲಯದ್ದು. 2016ರಲ್ಲಿ ಆಫ್ರಿಕಕ್ಕೆ ಕಾಲಿಟ್ಟಿತ್ತು.

ಗುರುತಿಸುವ ಬಗೆ ಕಠಿಣವೇನಲ್ಲ. ಬೆಳೆದ ಹುಳುವಿನ ತಲೆಯ ಮೇಲೆ ಇಂಗ್ಲಿಷಿನ 'ವೈ' ಅಕ್ಷರವನ್ನು ತಲೆಕೆಳಗಾಗಿಸಿದಂತಹ ಬಿಳಿ ಗೆರೆಯಿರುತ್ತದೆ. ಆದರೆ ಅದೊಂದನ್ನೇ ನಂಬಲಾಗದು. ಬೇರೆ ಕೆಲವು ಹುಳುಗಳಲ್ಲೂ ಅಂತಹ ಗೆರೆ ಮಸುಕಾಗಿ ಕಾಣುತ್ತದೆ. ಹೊಟ್ಟೆಭಾಗದ ಎಂಟನೆಯ ಖಂಡದ ಮೇಲೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳೂ ಇರಬೇಕು. ಸಂದೇಹ ಉಳಿದರೆ ಹುಳುವನ್ನು ಸಾಕಿ, ಹೊರಬಂದ ಪತಂಗದ ಜನನಾಂಗ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ನಿರ್ಣಯಿಸಬೇಕು.

ಹೆಸರು ತಿಳಿದೊಡನೆ ಉಪಾಯವೂ ಬದಲಾಗುತ್ತದೆ. ಈ ಹುಳು ಸುಳಿಯೊಳಗೆ ಸೇರಿ, ತನ್ನ ಲದ್ದಿಯನ್ನೇ ಮರೆಮಾಡಿಕೊಂಡು ತಿನ್ನುತ್ತದೆ. ಎಲೆಗಳ ಮೇಲೆ ಸುರಿದ ವಿಷ ಅದನ್ನು ಮುಟ್ಟುವುದು ಕಷ್ಟ. ಅದರ ಮೊಟ್ಟೆಗಳನ್ನು ನಾಶಮಾಡುವ ಸಣ್ಣ ಕಣಜಗಳು ಮಾತ್ರ ಸಾಯುತ್ತವೆ. ಮೊಟ್ಟೆಯ ಗುಂಪುಗಳನ್ನು ಆಯ್ದು ಹಿಸುಕುವುದು, ಎಳೆಯ ಪೈರಿನ ಸುಳಿಗೆ ಮರಳು-ಸುಣ್ಣದ ಮಿಶ್ರಣ ಹಾಕುವುದು, ಹುಳುವಿಗೆ ರೋಗ ತರುವ ಮೆಟರೈಜಿಯಂ ರೈಲಿಯೈ ಶಿಲೀಂಧ್ರವನ್ನು ಬಳಸುವುದು ಹೆಚ್ಚು ವಿವೇಕದ ಮಾರ್ಗಗಳು.

2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡದ ಸೆರಗಿನಲ್ಲೇ ಈ ಹೊಲಗಳಿವೆ. ದೀಪಕ್ಕೆ ಬಂದೆರಗುವ ಪತಂಗಗಳೆಲ್ಲ ರೈತನ ಶತ್ರುಗಳಲ್ಲ. ಗುರುತು ತಿಳಿಯದೆ ವಿಷ ಸುರಿದರೆ ಶತ್ರುವಿನೊಡನೆ ಮಿತ್ರರೂ ಅಳಿಯುತ್ತಾರೆ, ಸಾಲವೂ ಬೆಳೆಯುತ್ತದೆ. ಆದುದರಿಂದ ಸಿಂಪರಣೆಯ ಡಬ್ಬಿ ಹೆಗಲೇರುವ ಮುನ್ನ ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಆ ನಾಲ್ಕು ಚುಕ್ಕೆಗಳನ್ನು ಎಣಿಸುವ ರೂಢಿ ಹೊಲಹೊಲದಲ್ಲೂ ಬೆಳೆಯಲಿ.