ಮನೆ ಮಾರುವ ಮುನ್ನ

ಮಕ್ಕಳು ಮೈಸೂರು, ಬೆಂಗಳೂರು ಸೇರಿ, ಪಾಂಡವಪುರದ ಬಳಿಯ ತೊಣ್ಣೂರಿನಲ್ಲಿ ಹಿರಿಯರ ತೊಟ್ಟಿಮನೆ ಬೀಗ ಹಾಕಿ ನಿಂತಿದೆಯೆನ್ನಿ. ಮಾರಬೇಕು, ಕೊಳ್ಳುವವರು ವಿರಳ. ನೋಡಬಂದವರಿಗೆ ಅವಸರವಿಲ್ಲ. ಇದಲ್ಲದಿದ್ದರೆ ಇನ್ನೊಂದು.

ಸುಣ್ಣ ಬಳಿಸುವುದು ಒಳ್ಳೆಯದೇ. ಆದರೆ ಅದಕ್ಕೆ ಮುಂಚೆ ಒಡೆದ ಹೆಂಚು ಬದಲಾಯಿಸಿರಿ. ಸೂರು ಸೋರಿದರೆ ಹೊಸ ಸುಣ್ಣ ಒಂದೇ ಮಳೆಗೆ ಗುಟ್ಟು ಬಿಟ್ಟುಕೊಡುತ್ತದೆ. ತೊಟ್ಟಿಯ ಮೋರಿ ಕಟ್ಟಿಕೊಂಡಿದ್ದರೆ ಬಿಡಿಸಿರಿ. ತೊಲೆಗೆ ಗೆದ್ದಲು ಹಿಡಿದಿದ್ದರೆ ಮುಚ್ಚಿಡದೆ ಹೇಳಿ, ಬೆಲೆಯಲ್ಲಿ ಅಷ್ಟು ಬಿಡಿರಿ. ಹಳೆಯ ಕಂಬ, ಬಾಗಿಲುಗಳಿಗೆ ಮಾತ್ರ ದಯವಿಟ್ಟು ಬಣ್ಣ ಮೆತ್ತಬೇಡಿರಿ! ಮರದ ಕೆಲಸ ಮೆಚ್ಚಿಯೇ ಬರುವವರುಂಟು.

ಇನ್ನು ಕಾಗದಪತ್ರ. ಕುದುರಿದ ವ್ಯಾಪಾರ ಮುರಿಯುವುದು ಹೆಚ್ಚಾಗಿ ಇಲ್ಲಿಯೇ. ಪಂಚಾಯಿತಿಯ ಇ-ಸ್ವತ್ತು ಖಾತೆ, ಕಂದಾಯದ ರಸೀತಿ, ಋಣಭಾರ ಪತ್ರ ಕೈಯಲ್ಲಿರಲಿ. ಖಾತೆ ಇನ್ನೂ ತಾತನ ಹೆಸರಿನಲ್ಲಿದ್ದರೆ ಮೊದಲು ಅದನ್ನು ಸರಿಪಡಿಸಿರಿ. ಅಕ್ಕತಂಗಿಯರನ್ನು ಕೇಳಿದಿರಾ? ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಅವರ ಒಪ್ಪಿಗೆಯಿಲ್ಲದೆ ಮುಂಗಡ ಹಿಡಿದರೆ ಮನೆಯೂ ಮಾರದು, ತವರಿನ ಬಾಂಧವ್ಯವೂ ಉಳಿಯದು.

ತೊಣ್ಣೂರು ಹಳೆಯ ಗುಡಿಗಳ ಊರು. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ನಿಮ್ಮ ಮನೆ ಅಂಥ ಮೇರೆಯೊಳಗಿದೆಯೆ ಎಂದು ವಿಚಾರಿಸಿಕೊಂಡು, ಕೊಳ್ಳುವವರು ಕೇಳುವ ಮೊದಲೇ ತಿಳಿಸಿರಿ.