ಆಟಗಾರನ ನಾಡು ಯಾವುದು?
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಸಾಹಿತ್ಯ ಸಂಗೀತಗಳಿಗೆ ಮೀಸಲಾದ ಈ ವೇದಿಕೆಯಲ್ಲಿ ವ್ಯಾಯಾಮದ ಉಪಾಧ್ಯಾಯನೊಬ್ಬನಿಗೂ ಸ್ಥಳವನ್ನಿತ್ತುದು ಸಂಘದವರ ಔದಾರ್ಯ. ಇಂದಿನ ವಿಷಯವನ್ನು ನನಗೆ ಒದಗಿಸಿದವನು ನಮ್ಮ ಕನ್ನಡ ಶಾಲೆಯ ಹುಡುಗ. ಕೇರಳದ ಶಾಲಾ ತಂಡಕ್ಕೆ ಓಟಗಾರನಾಗಿ ಅವನು ಆಯ್ಕೆಯಾದಾಗ ನೆರೆಮನೆಯ ಹಿರಿಯರೊಬ್ಬರು, "ಕನ್ನಡದ ಮಗುವಾಗಿ ಕೇರಳದ ಅಂಗಿ ತೊಡುತ್ತೀಯಾ?" ಎಂದರಂತೆ. ಹಾಸ್ಯಕ್ಕೆ ಆಡಿದ ಮಾತೇ ಇದ್ದೀತು. ಹುಡುಗನಿಗೆ ಅದು ನಾಟಿತು. "ಮಾಸ್ತರರೇ, ನಾನು ಓಡಬಹುದೇ?" ಎಂದು ಕೇಳಿಕೊಂಡು ನನ್ನ ಬಳಿಗೆ ಬಂದನು.

ನಾನು ಮೊದಲು ಅವನಿಗೆ ಹೇಳಿದುದು ರಣಜಿತ್ ಸಿಂಹರ ಕಥೆಯನ್ನು. ಕಾಠಿಯಾವಾಡದಲ್ಲಿ 1872ರಲ್ಲಿ ಹುಟ್ಟಿದ ಅವರನ್ನು 1896ರಲ್ಲಿ ಆಸ್ಟ್ರೇಲಿಯದ ಎದುರು ಲಾರ್ಡ್ಸ್ ಮೈದಾನದ ಪಂದ್ಯಕ್ಕೆ ಆರಿಸಲಿಲ್ಲ. ಆಯಾ ಮೈದಾನದವರೇ ತಂಡವನ್ನು ಆರಿಸುತ್ತಿದ್ದ ಕಾಲ ಅದು. ಮ್ಯಾಂಚೆಸ್ಟರಿನವರು ಅವರನ್ನು ಕರೆದರು. ಅವರು 62 ಮತ್ತು ಔಟಾಗದೆ 154 ಓಟಗಳನ್ನು ಗಳಿಸಿದರು. ಇಂಗ್ಲೆಂಡಿನ ಪರ ಆಡಿದರಲ್ಲಾ ಎಂದು ಅವರನ್ನು ಜರೆಯುವುದು ಸುಲಭ. ಆದರೆ ಭಾರತ ತಂಡವು ಮೊದಲ ಟೆಸ್ಟ್ ಆಡಿದುದು 1932ರಲ್ಲಿ. ಇಲ್ಲದ ತಂಡಕ್ಕೆ ಅವರು ಆಡುವುದಾದರೂ ಹೇಗೆ?

ಲಾಹೋರಿನಲ್ಲಿ ಹುಟ್ಟಿದ ಅಬ್ದುಲ್ ಹಫೀಜ್ ಕಾರ್ದಾರರ ಸಂಗತಿ ಇನ್ನೂ ವಿಚಿತ್ರ. 1946ರಲ್ಲಿ ಇಂಗ್ಲೆಂಡಿನಲ್ಲಿ ಭಾರತದ ಪರ ಆಡಿದ ಅವರು 1952ರಲ್ಲಿ ಪಾಕಿಸ್ತಾನದ ನಾಯಕರಾಗಿ ದಿಲ್ಲಿಗೆ ಬಂದರು. ಆ ಸರಣಿಯಲ್ಲಿ ಅವರಿಗೆ ಎದುರಾಗಿ ಭಾರತದ ಪರ ಆಡಿದ ಗುಲ್ ಮಹಮ್ಮದರು 1956ರಲ್ಲಿ ಪಾಕಿಸ್ತಾನದ ಪರ ಆಡಿದರು! ಹುಟ್ಟಿದ ಊರು ಬದಲಾಗಲಿಲ್ಲ. ಊರಿನ ಮೇಲೆ ಎಳೆದ ಗೆರೆ ಬದಲಾಯಿತು. ಇದನ್ನು ಕಾಸರಗೋಡಿನವರಿಗೆ ವಿವರಿಸಬೇಕಾಗಿಲ್ಲ. 1956ರ ನವೆಂಬರ್ 1ರಂದು ನಮ್ಮ ಹಿರಿಯರು ಮನೆಯ ಹೊಸ್ತಿಲನ್ನು ದಾಟದೆಯೇ ಮದ್ರಾಸು ರಾಜ್ಯದಿಂದ ಕೇರಳಕ್ಕೆ ಬಂದವರು.

ನಿಯಮಗಳು ಬೇಡವೆಂದು ನನ್ನ ಮಾತಲ್ಲ. ಲೂಯಿಸ್ ಮೊಂತಿ ಎಂಬ ಕಾಲ್ಚೆಂಡಿನ ಆಟಗಾರನು 1930ರ ವಿಶ್ವಕಪ್ ಅಂತಿಮ ಪಂದ್ಯವನ್ನು ಆರ್ಜೆಂಟೈನಕ್ಕೂ 1934ರದನ್ನು ಇಟಲಿಗೂ ಆಡಿದನು. ಹೀಗೆಯೇ ಬಿಟ್ಟರೆ ಹಣವುಳ್ಳ ದೇಶವು ತಂಡವನ್ನು ಸಂತೆಯಲ್ಲಿ ಕೊಂಡೀತು. ಆದುದರಿಂದ ಒಲಿಂಪಿಕ್ಸಿಗೆ ಪೌರತ್ವ ಬೇಕು. ಒಂದು ದೇಶದ ಪರ ಸ್ಪರ್ಧಿಸಿದವನು ಮತ್ತೊಂದಕ್ಕೆ ಬರಬೇಕಾದರೆ ಸಾಮಾನ್ಯವಾಗಿ ಮೂರು ವರ್ಷ ಕಾಯಬೇಕು. ಕಾಲ್ಚೆಂಡಿನವರು ಅಜ್ಜ ಅಜ್ಜಿಯರ ಹುಟ್ಟೂರನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಭಾರತ ಸರ್ಕಾರವು 2008ರಲ್ಲಿ, ಭಾರತದ ಪಾಸ್‌ಪೋರ್ಟುಳ್ಳವರೇ ದೇಶದ ಪರ ಆಡತಕ್ಕದ್ದೆಂದು ಗೊತ್ತುಪಡಿಸಿತು. ಇಮ್ಮಡಿ ಪೌರತ್ವಕ್ಕೆ ನಮ್ಮಲ್ಲಿ ಎಡೆಯಿಲ್ಲ. ಗುಜರಾತಿ ತಂದೆಯ ಮಗನಾಗಿ ಜಪಾನಿನಲ್ಲಿ ಹುಟ್ಟಿದ ಅರಾತ ಇಝುಮಿಯವರು ಅಲ್ಲಿಯ ಪೌರತ್ವವನ್ನು ತೊರೆದು, 2013ರಲ್ಲಿ ಭಾರತದ ಅಂಗಿಯನ್ನು ತೊಟ್ಟರು. ಅದು ಅವರೇ ಆರಿಸಿಕೊಂಡ ಅಂಗಿ.

ಆರಿಸಿಕೊಳ್ಳಲು ಬಿಡದೆ ತೊಡಿಸಿದ ಅಂಗಿಯೂ ಉಂಟು. ಕೊರಿಯದ ಸೋನ್ ಕೀ-ಚುಂಗ್ 1912ರಲ್ಲಿ ಯಾಲು ನದಿಯ ದಡದ ಸಿನುಯಿಜುವಿನಲ್ಲಿ ಹುಟ್ಟಿದರು. ಅದಕ್ಕೆ ಎರಡು ವರ್ಷ ಮೊದಲೇ ಜಪಾನು ಆ ದೇಶವನ್ನು ನುಂಗಿತ್ತು. 1936ರ ಆಗಸ್ಟ್ 9ರಂದು ಬರ್ಲಿನ್ನಿನ ಮ್ಯಾರಥಾನ್ ಓಟವನ್ನು ಅವರು 2 ಗಂಟೆ 29 ನಿಮಿಷ 19 ಸೆಕೆಂಡಿನಲ್ಲಿ ಗೆದ್ದರು. ಮೂರನೆಯವರಾಗಿ ಬಂದ ನಾಮ್ ಸುಂಗ್-ಯೋಂಗ್ ಕೂಡ ಕೊರಿಯದವರೇ. ಮೇಲೇರಿದುದು ಜಪಾನಿನ ಧ್ವಜ. ಘೋಷಿಸಿದ ಹೆಸರು ಸಹ ಜಪಾನೀ ಉಚ್ಚಾರಣೆಯ 'ಸೊನ್ ಕಿತೇಯಿ'. ವಿಜೇತರ ಪೀಠದ ಮೇಲೆ ಇಬ್ಬರೂ ತಲೆ ತಗ್ಗಿಸಿ ನಿಂತರು. ಬಹುಮಾನವಾಗಿ ಕೊಟ್ಟ ಓಕ್ ಮರದ ಸಸಿಯನ್ನು ಸೋನ್ ಎದೆಗೆ ಒತ್ತಿ ಹಿಡಿದು, ಅಂಗಿಯ ಮೇಲಿದ್ದ ಜಪಾನಿನ ಗುರುತನ್ನು ಮರೆಮಾಡಿದರು. ಆ ಸಸಿ ತಮಗಿರಲಿಲ್ಲವಲ್ಲಾ ಎಂದು ನಾಮ್ ಮುಂದೆ ಪರಿತಪಿಸಿದರಂತೆ.

ಸೋಲ್ ನಗರದ 'ದೋಂಗ್-ಆ ಇಲ್ಬೊ' ಪತ್ರಿಕೆಯವರು ಭಾವಚಿತ್ರದಲ್ಲಿದ್ದ ಆ ಗುರುತನ್ನು ಅಳಿಸಿ ಅಚ್ಚು ಹಾಕಿದರು. ಪರಿಣಾಮವಾಗಿ ಪತ್ರಿಕೆ ತಿಂಗಳುಗಟ್ಟಲೆ ನಿಂತಿತು, ಪತ್ರಕರ್ತರು ಸೆರೆಯಾದರು. 1988ರಲ್ಲಿ ಸೋಲ್ ಒಲಿಂಪಿಕ್ಸಿನ ಜ್ಯೋತಿಯನ್ನು ಕ್ರೀಡಾಂಗಣಕ್ಕೆ ತಂದವರು ಅದೇ ವೃದ್ಧ ಸೋನ್. ಆ ವೇಳೆಗೆ ಅವರ ಹುಟ್ಟೂರು ಉತ್ತರ ಕೊರಿಯದ ಪಾಲಾಗಿತ್ತು! ಒಲಿಂಪಿಕ್ ದಾಖಲೆಯಲ್ಲಾದರೋ ಆ ಪದಕವು ಇಂದಿಗೂ ಜಪಾನಿನದೇ.

ಹುಡುಗನು ಇದನ್ನೆಲ್ಲ ಮೌನವಾಗಿ ಕೇಳಿದನು. ಬಳಿಕ ನಾನೇ ಅವನನ್ನು ಕೇಳಿದೆನು: "ನಿನ್ನ ಹೆಸರನ್ನು ಯಾರಾದರೂ ಬದಲಿಸಿದರೇನು? ಕನ್ನಡ ಆಡಬೇಡವೆಂದರೇನು?" ಇಲ್ಲವೆಂದನು. "ನಿನಗೆ ಓಡುವ ಮನಸ್ಸುಂಟೋ?" ಉಂಟೆಂದನು. ಕೇರಳದ ಮಣ್ಣಿನ ಮೇಲೆಯೇ ನಿಂತಿದೆ ನಮ್ಮ ಕನ್ನಡ ಶಾಲೆ. ಆ ಅಂಗಿ ಅವನಿಗೆ ಎರವಲಿನದಲ್ಲವೆಂಬುದು ನನ್ನ ಅಭಿಪ್ರಾಯ. ನೆರೆಮನೆಯ ಹಿರಿಯರು ಈ ಸಭೆಯಲ್ಲಿದ್ದಾರೆ. ಒಪ್ಪದಿದ್ದರೆ ಸಭೆ ಮುಗಿದ ಮೇಲೆ ನನ್ನನ್ನು ತರಾಟೆಗೆ ತೆಗೆದುಕೊಳ್ಳಲಿ.

ಹೊರಡುವಾಗ ಹುಡುಗನು, "ಸೋನ್ ಆಮೇಲೆ ಏನು ಮಾಡಿದರು?" ಎಂದನು. ಓಟಗಾರರನ್ನು ತಯಾರು ಮಾಡಿದರು. 1992ರ ಆಗಸ್ಟ್ 9ರಂದು, ಬರ್ಲಿನ್ ಓಟ ನಡೆದ ತಾರೀಖಿನಂದೇ, ಬಾರ್ಸಿಲೋನದಲ್ಲಿ ದಕ್ಷಿಣ ಕೊರಿಯದ ಹ್ವಾಂಗ್ ಯಂಗ್-ಚೋ ಎಂಬ ತರುಣನು ಮ್ಯಾರಥಾನ್ ಗೆದ್ದನು, ಎರಡನೆಯವನು ಜಪಾನಿನವನು. ಎಂಬತ್ತರ ಮುದುಕ ಸೋನ್ ಅಂದು ಅದೇ ಕ್ರೀಡಾಂಗಣದಲ್ಲಿ ಕುಳಿತು ನೋಡುತ್ತಿದ್ದರು.